ಸೊಂಟದೆತ್ತರದ ಕಸದ ಗಾಡಿ

ಇಮಾಮಸಾಬ ಒಂದು ಸಣ್ಣ ಊರಿನ ಪುರಸಭೆಯಲ್ಲಿ ಕಸದ ಗಾಡಿಯ ಡ್ರೈವರ್. ಬೆಳಗ್ಗೆ ಆರಕ್ಕೆ ಹೊರಟರೆ ಮಧ್ಯಾಹ್ನದ ಹೊತ್ತಿಗೆ ಏಳು ಓಣಿ ಸುತ್ತಿ ಮುಗಿಸುತ್ತಿದ್ದ. ಗಾಡಿಯ ಹಿಂದೆ ನಡೆದು, ಮನೆಮನೆಯ ಬಕೆಟ್ಟು ಇಸಿದುಕೊಂಡು, ಕಸ ಸುರಿಯುವುದು ಹುಲಿಗೆವ್ವನ ಕೆಲಸ. ಆಕೆಗೆ ಐವತ್ತಾರು ವರ್ಷ. ಅವನು ಆಕೆಯನ್ನು ಅಕ್ಕ ಎನ್ನುತ್ತಿದ್ದ, ಆಕೆ ಅವನನ್ನು ತಮ್ಮ ಎನ್ನುತ್ತಿದ್ದಳು.

ಅವರ ಗಾಡಿ ತೀರಾ ಹಳೆಯದು, ಕಸ ಸುರಿಯುವ ಬಾಯಿ ಎದೆಯೆತ್ತರಕ್ಕಿತ್ತು. ಯಾರೂ ಸರಿಯಾಗಿ ತೊಳೆಯದೆ ಅದರ ತಳ ತುಕ್ಕು ಹಿಡಿದಿತ್ತು. ಕಸದ ನೀರು ದಾರಿಯುದ್ದಕ್ಕೂ ಸೋರುತ್ತಿತ್ತು. ಡ್ರೈವರ್ ಸೀಟಿನ ಸ್ಪಂಜು ಸವೆದು ಕಬ್ಬಿಣವೇ ಉಳಿದಿತ್ತು. ಚಕ್ರ ಗುಂಡಿಗೆ ಇಳಿದಾಗಲೆಲ್ಲ ಇಮಾಮಸಾಬನ ಸೊಂಟ ಹಿಡಿದುಕೊಳ್ಳುತ್ತಿತ್ತು.

ಹುಲಿಗೆವ್ವನಿಗೂ ಒಂದು ನೋವಿತ್ತು. ಆದರೆ ಆಕೆ ಅದನ್ನು ಯಾರಿಗೂ ಹೇಳಿರಲಿಲ್ಲ. ಆಕೆಯ ಬಲಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಕಸ ಎತ್ತಲಾಗದವರು ಕೆಲಸ ಬಿಡಬೇಕು ಎಂದು ಮೇಸ್ತ್ರಿ ಒಮ್ಮೆ ಗದರಿದ್ದ. ಅರವತ್ತಾಗಿ ನಿವೃತ್ತಿಯಾಗಲು ಇನ್ನೂ ನಾಲ್ಕು ವರ್ಷ ಬಾಕಿ. ಅದಕ್ಕೇ ಆಕೆ ಹಲ್ಲು ಕಚ್ಚಿ ನಡೆಸಿಕೊಂಡು ಬರುತ್ತಿದ್ದಳು.

ಹೀಗಿರುವಾಗ ಹೊಸ ಗಾಡಿ ಕೊಳ್ಳಲು ಪುರಸಭೆ ತೀರ್ಮಾನಿಸಿತು. ಎರಡು ಕಂಪನಿಯವರು ಒಂದೊಂದು ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿದರು. ಮುಖ್ಯಾಧಿಕಾರಿ ಶೈಲಜಾ ಮೇಡಂ ಇಮಾಮಸಾಬನನ್ನು ಕರೆದರು.

"ದಿನಾ ಓಡಿಸುವವನು ನೀನು. ಒಂದೊಂದು ದಿನ ಎರಡನ್ನೂ ಓಡಿಸಿ ನೋಡು. ಯಾವುದು ಒಳ್ಳೆಯದು ಅಂತ ನೀನೇ ಹೇಳು," ಎಂದರು.

ಮೊದಲನೆಯ ಗಾಡಿ ಹಳೆಯದಕ್ಕಿಂತಲೂ ಎತ್ತರವಾಗಿತ್ತು, ಬಣ್ಣ ಮಿರಮಿರ ಮಿಂಚುತ್ತಿತ್ತು. ಒಳಗೆ ಮೆತ್ತನೆಯ ಸೀಟು, ತಲೆಯ ಬಳಿ ಪುಟ್ಟ ಫ್ಯಾನು. ಇಮಾಮಸಾಬ ಹತ್ತಿ ಕುಳಿತ. ಮೊದಲ ಗುಂಡಿ ಬಂತು. ಸೊಂಟಕ್ಕೆ ಏನೂ ತಿಳಿಯಲೇ ಇಲ್ಲ. 'ಇದೇ ಆಗಲಿ' ಎಂದು ಅವನ ಮನಸ್ಸು ಆಗಲೇ ಹೇಳಿಬಿಟ್ಟಿತು.

ಮೂರನೆಯ ಓಣಿಯಲ್ಲಿ ಅವನು ಪಕ್ಕದ ಕನ್ನಡಿಯಲ್ಲಿ ನೋಡಿದ. ಹುಲಿಗೆವ್ವ ತುಂಬಿದ ಬಕೆಟ್ಟನ್ನು ಎದೆಯವರೆಗೆ ಎತ್ತಿದಳು. ಕೈ ಅಲ್ಲಿಗೇ ನಿಂತಿತು. ಬಕೆಟ್ಟನ್ನು ಎಡಗೈಗೆ ಬದಲಿಸಿ, ತುದಿಗಾಲ ಮೇಲೆ ನಿಂತು ನೂಕಿದಳು. ಬಕೆಟ್ಟು ವಾಲಿ, ಅನ್ನದ ಮುಸುರೆ, ತರಕಾರಿ ಸಿಪ್ಪೆ ಎಲ್ಲ ಅವಳ ಮೇಲೇ ಬಿತ್ತು. ಅವಳು ಸುತ್ತ ನೋಡಿದಳು. ಯಾರೂ ನೋಡಲಿಲ್ಲವೆಂದು ತಿಳಿದು, ಸೆರಗಿನಿಂದ ಮುಖ ಒರೆಸಿಕೊಂಡು, ಚೆಲ್ಲಿದ್ದನ್ನು ಬಾಚತೊಡಗಿದಳು.

ಇಮಾಮಸಾಬ ಇಳಿದು ಓಡಿದ.

"ಅಕ್ಕಾ, ಕೈಗೆ ಏನಾಗೇತಿ?"

"ಏನಿಲ್ಲ ತಮ್ಮಾ, ಜಾರಿತು. ಮೇಸ್ತ್ರಿಗೆ ಹೇಳಬ್ಯಾಡ."

ಅವನು ಮತ್ತೆ ಕೇಳಲಿಲ್ಲ. ಆದರೆ ಉಳಿದ ದಾರಿಯಲ್ಲಿ ಆ ಮೆತ್ತನೆಯ ಸೀಟು ಅವನಿಗೆ ಹಿತವೆನಿಸಲಿಲ್ಲ.

ಎರಡನೆಯ ಗಾಡಿ ನೋಡಲು ಸಾದಾ. ಒಳಗೆ ಇಕ್ಕಟ್ಟು, ಸೀಟು ಗಟ್ಟಿ. ಆದರೆ ಕಸ ಸುರಿಯುವ ಬಾಯಿ ಸೊಂಟದ ಎತ್ತರಕ್ಕಿತ್ತು. ಕಸದ ನೀರು ರಸ್ತೆಗೆ ಸೋರದಂತೆ ತಳದಲ್ಲಿ ಒಂದು ತೊಟ್ಟಿಯಿತ್ತು. ಕಂಪನಿಯ ಮೆಕ್ಯಾನಿಕ್ ಪ್ರಾಮಾಣಿಕ ಮನುಷ್ಯ. ಅವನು ಮೊದಲೇ ಹೇಳಿಬಿಟ್ಟ:

"ಅಣ್ಣಾ, ಇದಕ್ಕ ದಿನಾ ಆರೈಕೆ ಬೇಕು. ಗಾಡಿ ಕೆಳಗ ಮಲಗಿ ತೊಟ್ಟಿ ಬಿಚ್ಚಿ ತೊಳೀಬೇಕು, ಕೀಲಿಗೆ ಗ್ರೀಸ್ ಹಚ್ಚಬೇಕು. ಆಲಸ್ಯ ಮಾಡಿದ್ರ ತಳ ತುಕ್ಕು ಹಿಡೀತೈತಿ."

ಆ ದಿನ ಹುಲಿಗೆವ್ವ ಒಂದು ಬಕೆಟ್ಟನ್ನೂ ಚೆಲ್ಲಲಿಲ್ಲ. ಎಂದೂ ಮಾತಾಡದವಳು ಮನೆಮನೆಯ ಬಾಗಿಲಲ್ಲಿ ನಿಂತು ಮಕ್ಕಳನ್ನು ಮಾತಾಡಿಸಿದಳು. ಇಮಾಮಸಾಬನ ಸೊಂಟ ಮಾತ್ರ ಸಂಜೆಯವರೆಗೂ ನೋಯುತ್ತಿತ್ತು.

ಮರುದಿನ ಅವನು ಮೇಡಂ ಮುಂದೆ ನಿಂತ. ಮೆಕ್ಯಾನಿಕ್ ಕೂಡ ಅಲ್ಲೇ ಇದ್ದ.

"ಎರಡನೇ ಗಾಡಿ ತಗೋರಿ ಮೇಡಂ."

"ಸೀಟು ಗಟ್ಟಿ ಇದೆಯಂತಲ್ಲಪ್ಪ? ನಿನಗೆ ಮೊದಲೇ ಸೊಂಟನೋವು."

"ಮನಿಯೊಳಗ ಹಳೇ ಕೌದಿ ಐತ್ರಿ. ಮಡಚಿ ಕೆಳಗ ಹಾಕ್ಕೊಂಡ್ರ ನನ್ನ ಸೊಂಟಕ್ಕ ಆತು. ಎತ್ತಿ ಸುರಿಯೋ ನಮ್ಮ ಅಕ್ಕನ ರಟ್ಟಿಗೆ ಏನ್ ಹಾಕೂದು ಹೇಳ್ರಿ?"

ಮೇಡಂ ಎರಡನೆಯ ಗಾಡಿಯ ಕಾಗದಕ್ಕೆ ಸಹಿ ಹಾಕಿದರು.

ಅಂದಿನಿಂದ ಕಸ ಇಳಿಸಿ ಬಂದ ಮೇಲೆ ಇಮಾಮಸಾಬ ದಿನವೂ ಗಾಡಿಯ ಕೆಳಗೆ ಅಂಗಾತ ಮಲಗುತ್ತಿದ್ದ. ತೊಟ್ಟಿ ಬಿಚ್ಚಿದಾಗ ಬರುವ ವಾಸನೆ ಸಹಿಸಲಾಗುತ್ತಿರಲಿಲ್ಲ. ಆದರೂ ನೀರು ಬಿಟ್ಟು ಉಜ್ಜಿ, ಒರೆಸಿ, ಗ್ರೀಸ್ ಹಚ್ಚಿಯೇ ಮನೆಗೆ ಹೋಗುತ್ತಿದ್ದ. ಒಂದು ದಿನವೂ ತಪ್ಪಿಸಲಿಲ್ಲ.

ಮೂರು ತಿಂಗಳಾದ ಮೇಲೆ ಮೆಕ್ಯಾನಿಕ್ ಸರ್ವಿಸಿಗೆ ಬಂದ. ಹುಲಿಗೆವ್ವನನ್ನು ನೋಡಿ, "ಯವ್ವಾ, ಡ್ರೈವರ್ ಅಣ್ಣ ಈ ಗಾಡಿ ಆರಿಸಿದ್ದು ನಿನ್ನ ಸಲುವಾಗಿ," ಎಂದು ನಡೆದದ್ದನ್ನೆಲ್ಲ ಹೇಳಿದ. ಹುಲಿಗೆವ್ವ ಗಾಡಿಯ ಬಾಗಿಲ ಮೇಲೆ ಕೈಯಿಟ್ಟು ನಿಂತು, ಅವನು ತೊಟ್ಟಿ ಬಿಚ್ಚಿ ತೊಳೆದು ಗ್ರೀಸ್ ಹಚ್ಚುವುದನ್ನು ನೋಡಿದಳು.

ಮಳೆಗಾಲ ಬಂತು. ಇಮಾಮಸಾಬನ ಸೊಂಟನೋವು ಜೋರಾಯಿತು. ಹತ್ತು ದಿನ ಮೇಲೇಳಬಾರದು ಎಂದರು ಡಾಕ್ಟರು. ಬೇರೆ ಡ್ರೈವರ್ ಬಂದ. "ನನ್ನ ಕೆಲಸ ಓಡಿಸೂದು, ತೊಳಿಯೂದಲ್ಲ," ಎಂದು ಗಾಡಿ ನಿಲ್ಲಿಸಿ ಹೊರಟುಹೋಗುತ್ತಿದ್ದ. ಆ ಸುದ್ದಿ ಕೇಳಿ ಇಮಾಮಸಾಬನಿಗೆ ಹಾಸಿಗೆಯಲ್ಲಿ ಸಮಾಧಾನವಿರಲಿಲ್ಲ. ತಳ ಕೆಟ್ಟು ಗಾಡಿ ಮೂಲೆ ಸೇರಿದರೆ ಅಕ್ಕನಿಗೆ ಮತ್ತೆ ಆ ಎತ್ತರದ ಹಳೆಯ ಗಾಡಿಯೇ ಗತಿ ಎಂದು ಒಂದೇ ಸಮನೆ ಕೊರಗುತ್ತಿದ್ದ.

ಹನ್ನೊಂದನೆಯ ದಿನ ಅವನು ಎದ್ದವನೇ ಪುರಸಭೆಗೆ ಬಂದ. ಮೆಲ್ಲಗೆ ಬಗ್ಗಿ ಗಾಡಿಯ ತಳ ನೋಡಿದ. ತೊಟ್ಟಿ ಫಳಫಳ ಹೊಳೆಯುತ್ತಿತ್ತು. ವಾಸನೆಯಿಲ್ಲ, ತುಕ್ಕಿನ ಒಂದು ಚುಕ್ಕೆಯೂ ಇಲ್ಲ. ಕೀಲುಗಳಲ್ಲಿ ಹೊಸ ಗ್ರೀಸ್ ಇತ್ತು.

"ಯಾರು ಮಾಡಿದ್ರು ಇದನ್ನ?" ಎಂದು ಕೇಳುತ್ತ ತಿರುಗಿದ.

ಹುಲಿಗೆವ್ವ ಪೊರಕೆ ಹಿಡಿದು ನಿಂತಿದ್ದಳು. ಅವಳ ಮೊಣಕೈವರೆಗೂ ಕಪ್ಪು ಗ್ರೀಸ್ ಹತ್ತಿತ್ತು.

"ನೀನಾ ಅಕ್ಕಾ? ಆ ಕೈಲೆ?"

ಹುಲಿಗೆವ್ವ ನಕ್ಕಳು. "ಈ ಕೈ ಮ್ಯಾಲ ಏಳೂದಿಲ್ಲ ತಮ್ಮಾ. ಕೆಳಗ ಮಲಗಿ ತೊಳ್ಯಾಕ ಏನಡ್ಡಿ? ನಾಳೆಯಿಂದ ಒಂದು ದಿನ ನೀ ತೊಳಿ, ಒಂದು ದಿನ ನಾ ತೊಳೀತೀನಿ."

ಇಮಾಮಸಾಬ ಕಣ್ಣು ಒರೆಸಿಕೊಂಡು, "ಹೂಂ ಅಕ್ಕಾ," ಎಂದಷ್ಟೇ ಹೇಳಿದ.

ಮುಂದೆ ಪುರಸಭೆ ಇನ್ನೂ ಮೂರು ಗಾಡಿ ಕೊಂಡಿತು. ಆಗ ಶೈಲಜಾ ಮೇಡಂ ಡ್ರೈವರ್‌ಗಳ ಜೊತೆಗೆ ಕಸ ಎತ್ತುವ ಹೆಂಗಸರನ್ನೂ ಕರೆಸಿದರು. ಅವರು ಒಂದು ದಿನ ಎತ್ತಿ ನೋಡಿ ಆಗಬಹುದು ಎಂದ ಮೇಲೆಯೇ ಮೇಡಂ ಸಹಿ ಹಾಕಿದರು. ಅಂದು ಹುಲಿಗೆವ್ವ ಮೇಸ್ತ್ರಿಯ ಎದುರೇ ತನ್ನ ಕೈನೋವು ಹೇಳಿಕೊಂಡಳು, ಕೆಲಸ ಬಿಡು ಎಂದು ಯಾರೂ ಅನ್ನಲಿಲ್ಲ. ಹೊಸ ಡ್ರೈವರ್‌ಗಳಿಗೆ ತೊಟ್ಟಿ ತೊಳೆಯುವುದನ್ನು ಹುಲಿಗೆವ್ವನೇ ಕಲಿಸಿಕೊಟ್ಟಳು. ಅರವತ್ತು ತುಂಬಿ ಕೆಲಸ ಬಿಡುವ ದಿನದವರೆಗೂ ಆಕೆ ತನ್ನ ಏಳು ಓಣಿಯ ಕಸವನ್ನು, ಯಾರ ಮುಂದೆಯೂ ನೋವು ಮುಚ್ಚಿಡದೆ, ತಾನೇ ಎತ್ತಿದಳು.

ನೀತಿ: ನಾಲ್ಕು ಜನ ಬಳಸುವ ವಸ್ತುವನ್ನು ಆರಿಸುವಾಗ ನಮ್ಮ ಸುಖಕ್ಕಿಂತ ಮೊದಲು ಅದರೊಂದಿಗೆ ಹೆಚ್ಚು ಕಷ್ಟಪಡುವವರನ್ನು ನೆನೆಯಬೇಕು. ಆರಿಸಿ ತಂದರಷ್ಟೇ ಸಾಲದು, ದಿನವೂ ಅದರ ಆರೈಕೆ ಮಾಡಬೇಕು. ವಸ್ತುವನ್ನು ಜೋಪಾನ ಮಾಡುವುದೆಂದರೆ ಅದನ್ನು ನಂಬಿ ದುಡಿಯುವವರನ್ನು ಜೋಪಾನ ಮಾಡಿದಂತೆಯೇ.