ಉಸಿರಿಗೆ ಜಾಗವಿಲ್ಲದ ಹಾಡು

ಮಕ್ಕಳೇ, ಬಿದಿರು ಒತ್ತಾಗಿ ಬೆಳೆದ ಒಂದು ಕಾಡಿನಲ್ಲಿ ಪ್ರಾಣಿಗಳದೇ ಒಂದು ವಾದ್ಯಮೇಳವಿತ್ತು. ಕೊಳಲು, ಮದ್ದಳೆ, ಶ್ರುತಿಪೆಟ್ಟಿಗೆಗಳನ್ನು ಅವು ಒಂದು ಮರದ ಪೊಟರೆಯಲ್ಲಿ ಇಟ್ಟಿದ್ದವು. ಅಲ್ಲಿಗೆ ಗೆದ್ದಲು ಹೊಕ್ಕಿತು. ವಸಂತದ ಹಬ್ಬ ಹತ್ತಿರವಾದಾಗ ನೋಡಿದರೆ ಒಂದು ವಾದ್ಯವೂ ಉಳಿದಿರಲಿಲ್ಲ.

ಮೇಳದ ಗುರು ಗೊರವಂಕ ಹಕ್ಕಿ. ಅದಕ್ಕೆ ಪ್ರತಿ ವಾದ್ಯದ ಪ್ರತಿ ಸ್ವರವೂ ಬಾಯಿಪಾಠ. ಅದೇ ಸಂಗೀತವನ್ನು ಬರೀ ಕೊರಳುಗಳಿಂದ ಹಾಡಿಸುತ್ತೇನೆ, ಒಂದು ಸ್ವರವನ್ನೂ ಬಿಡುವುದಿಲ್ಲ ಎಂದು ಅದು ಹಟ ತೊಟ್ಟಿತು. ಕೊಳಲಿನ ಪಾಲು ಕೋಗಿಲೆಗೆ ಬಂತು, ಮದ್ದಳೆಯದು ಕಪ್ಪೆಗೆ. ಶ್ರುತಿಪೆಟ್ಟಿಗೆಯ ಎಡೆಬಿಡದ ಸ್ವರ ಪಾರಿವಾಳದ ಪಾಲಾಯಿತು.

ಪಾರಿವಾಳದ ಗೂಡಿನಲ್ಲಿ ಆಗಷ್ಟೇ ಮೊಟ್ಟೆಯೊಡೆದ ಎರಡು ಮರಿಗಳಿದ್ದವು. ಆದರೂ ಹಾಡಿನ ಮೇಲಿನ ಆಸೆಗೆ ಅದು ದಿನವೂ ಅಭ್ಯಾಸಕ್ಕೆ ಬರುತ್ತಿತ್ತು. ನಾಲ್ಕನೆಯ ದಿನ ಅದರ ಗಂಟಲು ಉರಿಯತೊಡಗಿತು.

"ಗುರುಗಳೇ, ನಡುವೆ ಎಲ್ಲಾದರೂ ಉಸಿರೆಳೆದುಕೊಳ್ಳಲು ಜಾಗ ಕೊಡಿ," ಎಂದಿತು ಪಾರಿವಾಳ.

"ಶ್ರುತಿಪೆಟ್ಟಿಗೆ ಎಂದಾದರೂ ನಡುವೆ ನಿಂತಿತ್ತೇ?" ಎಂದಿತು ಗೊರವಂಕ.

"ಅದಕ್ಕೆ ಗಾಳಿ ಒತ್ತುವ ತಿದಿ ಇತ್ತು. ನನಗಿರುವುದು ಇಷ್ಟು ಪುಟ್ಟ ಎದೆ."

ಇನ್ನೊಂದು ಪಾರಿವಾಳವನ್ನು ಕರೆತಂದು ಇಬ್ಬರೂ ಸರದಿಯ ಮೇಲೆ ಹಾಡಲಿ ಎಂದು ಕಪ್ಪೆ ಸೂಚಿಸಿತು. ಗೊರವಂಕ ಒಪ್ಪಲಿಲ್ಲ. ಕೊರಳು ಬದಲಾದರೆ ಕೇಳುವವರಿಗೆ ಗೊತ್ತಾಗುತ್ತದೆ, ಇಷ್ಟು ದಿನ ಪಟ್ಟ ಶ್ರಮವೆಲ್ಲ ಹಾಳು ಎಂದು ಸಿಡುಕಿತು. ಪಾರಿವಾಳ ಮತ್ತೆ ಕೇಳಲಿಲ್ಲ.

ಹಬ್ಬದ ದಿನ ಹಾಡು ತುಂಬ ಸೊಗಸಾಗಿ ಬಂತು. ಕಣ್ಣು ಮುಚ್ಚಿ ಕೇಳಿದವರು ವಾದ್ಯಗಳೇ ಮರಳಿ ಬಂದವೆಂದರು. ಮುದಿ ಜಿಂಕೆಯೊಂದು ಅತ್ತೇಬಿಟ್ಟಿತು. ಎಲ್ಲರೂ ಗೊರವಂಕವನ್ನು ಸುತ್ತುವರಿದು ಹೊಗಳುತ್ತಿದ್ದಾಗ ಪಾರಿವಾಳ ಏನೋ ಹೇಳಲು ಬಂತು. ಬಾಯಿಂದ ಬರೀ ಗಾಳಿ ಹೊರಟಿತು. ಎರಡು ದಿನ ಸುಮ್ಮನಿದ್ದರೆ ಸರಿಹೋಗುತ್ತದೆ ಎಂದು ಗೊರವಂಕ ಹೊಗಳುವವರತ್ತ ತಿರುಗಿತು.

ಸರಿಹೋಗಲಿಲ್ಲ. ವಾರದ ನಂತರ ಒಂದು ಮಧ್ಯಾಹ್ನ ಗೂಡಿನ ಮರಕ್ಕೆ ಹಾವು ಹತ್ತಿತು. ಗಂಡು ಪಾರಿವಾಳ ಕೆಳಗೆ ಪೊದೆಯ ಆಚೆ ಕಾಳು ಹೆಕ್ಕುತ್ತಿತ್ತು. ತಾಯಿ ಕೂಗಲು ನೋಡಿತು, ದನಿ ಹೊರಡಲಿಲ್ಲ. ರೆಕ್ಕೆ ಬಡಿದು ತಾನೊಂದೇ ಹಾವಿನ ಮೇಲೆ ಬಿತ್ತು, ಆದರೆ ತಡೆಯಲಾಗಲಿಲ್ಲ. ಗಂಡು ತಲೆಯೆತ್ತಿ ನೋಡುವಷ್ಟರಲ್ಲಿ ಗೂಡು ಬರಿದಾಗಿತ್ತು.

ಸುದ್ದಿ ಕೇಳಿ ಗೊರವಂಕ ಹಾರಿ ಬಂತು. ಬರಿದಾದ ಗೂಡಿನೊಳಗೆ ಇಣುಕಿ ನೋಡಿತು.

"ಹೀಗಾಗಬಹುದೆಂದು ಯಾರಾದರೂ ನನಗೆ ಒಂದು ಮಾತು ಹೇಳಬಾರದಿತ್ತೇ?" ಎಂದಿತು.

ಮರದ ಬುಡದಲ್ಲಿದ್ದ ಕಪ್ಪೆ ಹೇಳಿತು, "ಅವಳು ಹೇಳಿದ್ದಳು. ಆಗ ಅವಳಿಗೆ ದನಿಯಿತ್ತು."

ನೀತಿ: ಕೆಲಸ ಎಷ್ಟೇ ಅಂದವಾಗಿರಲಿ, ಮಾಡುವವರ ಉಸಿರಿಗೆ ಜಾಗ ಬಿಡದಿದ್ದರೆ ಅದು ಅನ್ಯಾಯವೇ.