ಸೆರಗಿನ ತಿರುವಿನ ದಸ್ತಗೀರ್ ಸಾಬ್ರು

ಬಹಳ ಹಿಂದೆ, ಊರಿಗೆಲ್ಲ ಒಂದೋ ಎರಡೋ ಮೋಟಾರ್ ಸೈಕಲ್ಲು ಇದ್ದ ಕಾಲದಲ್ಲಿ, ಗುಡ್ಡದ ಬುಡಕ್ಕೆ ಒಂದೂರಿತ್ತಂತೆ. ಗುಡ್ಡದ ಈಚೆ ಊರು, ಆಚೆ ನಾಲ್ಕಾರು ಹಟ್ಟಿ, ನಡುವೆ ನೆತ್ತಿಯ ಮೇಲೊಂದು ತಿರುವು. ಬಲಕ್ಕೆ ಬಂಡೆ, ಎಡಕ್ಕೆ ಕಮರಿ. ಕಮರಿ ಅಂದ್ರೆ ಎಂಥಾದ್ದು! ಕಲ್ಲೆಸೆದರೆ ಬಿದ್ದ ಸದ್ದು ಕೇಳ್ತಿರಲಿಲ್ಲವಂತೆ. ಸೆರಗಿನ ತಿರುವು ಅಂತ ಅದರ ಹೆಸರು. ಹೆಸರೆತ್ತಿದ್ರೆ ನನಗೆ ಈಗಲೂ ಮೈ ಜುಮ್ಮನ್ನುತ್ತೆ. ನಗಬೇಡ ಕಣೇ, ನೀನೂ ಒಂದಿನ ಆ ದಾರೀಲಿ ಹೋಗಬೇಕಾದೋಳೇ.

ಕಮರಿ ಅಂಚಿನಲ್ಲಿ ಅರಿಸಿನ ಕುಂಕುಮ ಮೆತ್ತಿದ ಒಂದು ಕಲ್ಲಿತ್ತು. ಯಾವ ಕಾಲದಲ್ಲೋ ಅಲ್ಲಿಂದ ಬಿದ್ದು ಸತ್ತ ಬಾಣಂತಿಯೊಬ್ಬಳು ಅಲ್ಲೇ ನಿಂತಿದ್ದಾಳೆ, ಹೋಗೋರನ್ನ ಸೆರಗು ಬೀಸಿ ಕರೀತಾಳೆ ಅಂತ ಜನ ಹೇಳ್ತಿದ್ರಂತೆ. ಅವಳನ್ನ ನೋಡದೆ ಹೋದ್ರೆ ಮುನಿಸಿಕೊಳ್ತಾಳಂತೆ. ಅದಕ್ಕೇ ತಿರುವಿಗೆ ಬಂದೋರೆಲ್ಲ ಕತ್ತು ಹೊರಳಿಸಿ, ಕಲ್ಲನ್ನೇ ನೋಡ್ತಾ, ಮನಸ್ಸಲ್ಲೇ ಕೈ ಮುಗೀತಾ ದಾಟಬೇಕು. ನಡೆದು ಹೋದೋರು ದಾಟಿದ್ರು. ಎತ್ತಿನ ಗಾಡಿಯೋರೂ ದಾಟಿದ್ರು. ಮೋಟಾರ್ ಸೈಕಲ್ಲು ಬಂದ ಮೇಲೆ ಶುರುವಾಯ್ತು ನೋಡು, ಒಬ್ಬೊಬ್ಬರಾಗಿ ಕಮರಿಗೆ ಹೋದರು. ಹೋದಷ್ಟೂ ಉಳಿದವರಿಗೆ ಭಯ ಹೆಚ್ಚಿತು. ಭಯ ಹೆಚ್ಚಿದಷ್ಟೂ ಕಲ್ಲಿನ ಮೇಲಿಂದ ಕಣ್ಣು ಕೀಳೋಕೇ ಆಗ್ತಿರಲಿಲ್ಲವಂತೆ.

ಆ ಊರಲ್ಲಿ ಬೋರಕ್ಕ ಅಂತ ಹೆರಿಗೆ ಮಾಡಿಸೋ ನರ್ಸಮ್ಮ ಇದ್ದಳು. ಗಂಡ ಓಬಯ್ಯ ಅವಳನ್ನ ಹಿಂದೆ ಕೂರಿಸ್ಕೊಂಡು ಹಟ್ಟಿಗಳಿಗೆ ಬಿಟ್ಟು ಬರ್ತಿದ್ದ. ಒಂದು ಸಂಜೆ ಹೆಂಡತಿಯನ್ನ ಕರಕೊಂಡು ಬರೋಕೆ ಹೊರಟೋನು ತಿರುವು ದಾಟಲೇ ಇಲ್ಲ. ಗಾಡಿ ಪೊದೆಗೆ ಸಿಕ್ಕಿ ಉಳೀತು. ಓಬಯ್ಯ ಉಳೀಲಿಲ್ಲ.

ಅದಾದ ಮೇಲೆ ಬೋರಕ್ಕ ನಡಕೊಂಡೇ ಗುಡ್ಡ ಹತ್ತಿಳೀತಿದ್ದಳಂತೆ. ಹಾಗಿರೋವಾಗ ಒಂದು ಹಟ್ಟಿಯಿಂದ ಕರೆ ಬಂತು. ಅವಳು ಏದುಸಿರು ಬಿಡ್ತಾ ಮುಟ್ಟೋ ಹೊತ್ತಿಗೆ ಮಗೂನೂ ಇಲ್ಲ, ತಾಯೀನೂ ಇಲ್ಲ. ಆ ತಾಯಿಯ ಅತ್ತೆ ಬಾಗಿಲಲ್ಲಿ ಕೂತು ಇವಳನ್ನೇ ನೋಡಿದಳಂತೆ. ಗಾಡಿ ಕಲೀಲೇಬೇಕು ಅಂತ ಬೋರಕ್ಕ ಅವತ್ತೇ ನಿಶ್ಚಯ ಮಾಡಿದಳು. ಆದ್ರೆ ಮನೇಲಿ ಪಾಲಮ್ಮ ಅಂತ ಪುಟ್ಟ ಮಗಳು. ಅಪ್ಪನ್ನ ಆ ತಿರುವು ನುಂಗಿತ್ತು, ತಾನೂ ಹೋದ್ರೆ ಕೂಸಿಗೆ ಯಾರು ದಿಕ್ಕು? ಹ್ಯಾಂಡಲ್ ಮುಟ್ಟಿದೋಳು ಹಾಗೇ ಬಿಟ್ಟು ಮನೆಯೊಳಗೆ ಹೋಗ್ತಿದ್ದಳಂತೆ.

ಯಾರ ಹತ್ರ ಕಲಿಯೋದು? ಮೊದಲು ಪೇಟೆಯ ತರಬೇತಿ ಶಾಲೆಗೆ ಹೋದಳು. ಅಲ್ಲಿನ ಮೇಷ್ಟ್ರು ಒಳ್ಳೆ ಮನುಷ್ಯ, ಬಯಲಲ್ಲಿ ಸುಣ್ಣದ ಗೆರೆ ಎಳೆದು ಗೇರು, ಬ್ರೇಕು ಎಲ್ಲ ಕಲಿಸಿದ. ಬಯಲಲ್ಲಿ ಬೋರಕ್ಕ ಸಲೀಸಾಗಿ ಓಡಿಸಿದಳು. ಸೆರಗಿನ ತಿರುವಿಗೆ ಜೊತೆ ಬರ್ತೀರಾ ಅಂತ ಕೇಳಿದ್ದಕ್ಕೆ ಆತ ಮುಖ ತಗ್ಗಿಸಿ, ಅದು ನಮ್ಮ ಕೋರ್ಸಿನಲ್ಲಿಲ್ಲ ತಾಯಿ ಅಂದನಂತೆ. ಆಮೇಲೆ ತಾಯಿತ ಕಟ್ಟೋ ಅಯ್ಯನ ಹತ್ರ ಹೋದಳು. ಇದನ್ನ ಹ್ಯಾಂಡಲಿಗೆ ಕಟ್ಟು, ಭಯಾನೇ ಇರಲ್ಲ ಅಂದ ಅಯ್ಯ. ಅಂಥದ್ದೇ ತಾಯಿತ ಓಬಯ್ಯನ ಗಾಡೀಲೂ ಇತ್ತು. ಬೋರಕ್ಕ ಎದ್ದು ಬಂದಳು.

ಕೊನೆಗೆ ಹೋಗಿದ್ದು ದಸ್ತಗೀರ್ ಸಾಬ್ರ ಹತ್ರ. ಹಿಂದೆ ಗುಡ್ಡದಾಚೆಗೆ ಟಪಾಲು ಒಯ್ತಿದ್ದ ಮುದುಕ, ಒಂದು ಕಾಲು ಕುಂಟು. ಕಣ್ಣು ಕಟ್ಟಿಕೊಂಡು ತಿರುವು ದಾಟ್ತಿದ್ರು ಅಂತಾರೆ. ಗಾಡಿ ಮೇಲೆ ನಿಂತು ನಮಾಜು ಮಾಡ್ತಿದ್ರು ಅಂತಲೂ ಅಂತಾರೆ. ಎಲ್ಲ ಬುರುಡೆ! ಭಯ ಹೋಗೋದು ಹೇಗೆ ಸಾಬ್ರೇ ಅಂತ ಬೋರಕ್ಕ ಕೇಳಿದಳು.

"ಹೋಗಲ್ಲವ್ವಾ. ನನಗೇ ಹೋಗಿಲ್ಲ. ನಿನ್ನ ಕಣ್ಣು ಎಲ್ಲಿಗೆ ಹೋಗುತ್ತೆ, ಅದನ್ನ ಹೇಳು."

ಕಲ್ಲಿನ ಕಡೆಗೆ ಅಂದಳು. ಸಾಬ್ರು ತಲೆಯಾಡಿಸಿದರಂತೆ. ಕಣ್ಣು ಹೋದ ಕಡೆಗೇ ಗಾಡಿ ಹೋಗುತ್ತೆ, ಓಬಯ್ಯನ ಗಾಡೀನೂ ಹಾಗೇ ಹೋಯ್ತು ಅಂದರಂತೆ. ಹಂಗಾದ್ರೆ ಆ ಬಾಣಂತಿ ಅಲ್ಲಿಲ್ವಾ ಅಂತ ಬೋರಕ್ಕ ಕೇಳಿದಳು.

"ಇದಾಳೋ ಇಲ್ವೋ ಅಲ್ಲಾನೇ ಬಲ್ಲ. ಇದ್ರೆ ನಡಕೊಂಡು ಬಂದು ಹೂವಿಡು, ಕೈ ಮುಗಿ. ತಿರುವಿನಾಚೆ ನಾನು ನಿಂತಿರ್ತೀನಿ, ಗಾಡಿ ಮೇಲಿದ್ದಾಗ ಮಾತ್ರ ನನ್ನ ನೋಡು."

ತಗ್ಗಿನ ದಾರಿಯ ತಿರುವುಗಳಲ್ಲಿ ಸಾಬ್ರು ಅವಳನ್ನ ತಿಂಗಳುಗಟ್ಟಲೆ ಪಳಗಿಸಿದರು. ಆಮೇಲೆ ಒಂದು ಮಧ್ಯಾಹ್ನ ಕುಂಟುತ್ತಾ ಗುಡ್ಡ ಹತ್ತಿ, ತಿರುವು ಮುಗಿಯೋ ಜಾಗದಲ್ಲಿ, ಹೆಗಲ ಮೇಲೆ ಕೆಂಪು ವಲ್ಲಿ ಹಾಕ್ಕೊಂಡು ನಿಂತರಂತೆ. ಕೆಳಗಿಂದ ಬೋರಕ್ಕ ಹೊರಟಳು. ಬಂಡೆ ಸರಿದು ಎಡಕ್ಕೆ ಕಮರಿ ಬಾಯ್ಬಿಡ್ತು. ಕಣ್ಣಂಚಲ್ಲಿ ಏನೋ ಹಳದಿ ಹಾರಾಡಿತಂತೆ. ಬಳೆ ಸದ್ದಾಯ್ತಂತೆ. ಅಯ್ಯೋ, ಹೇಗೆ ಹೇಳಲಿ, "ಬೋರೀ" ಅಂತ ಓಬಯ್ಯ ಕೂಗಿದ ಹಾಗೆ ಕೇಳಿಸಿತಂತೆ! ಒಂದೇ ಸಲ ತಿರುಗಿ ನೋಡಬೇಕು, ಒಂದೇ ಸಲ ಅವನ ಮುಖ ನೋಡಬೇಕು ಅಂತ ಜೀವ ಹಾತೊರೀತು. ಹಲ್ಲು ಕಚ್ಚಿ, ಕೆಂಪು ವಲ್ಲಿಯನ್ನೇ ನೋಡಿದಳು. ಬಲಕ್ಕೆ ಬಾಗಿದ ಗಾಡಿ ಸಾಬ್ರ ಮುಂದೆ ಬಂದು ನಿಂತಿತು. ಬೋರಕ್ಕ ಇಳಿದು ನೆಲದ ಮೇಲೆ ಕುಸಿದು ಗೋಳೋ ಅಂತ ಅತ್ತಳು. ಸಾಬ್ರೂ ಕೂತುಬಿಟ್ಟರು.

ಆಮೇಲೆ ಊರೋರೆಲ್ಲ ಸಾಬ್ರ ಹತ್ರಾನೇ ಕಲಿತರು. ಯಾರು ಮೊದಲ ಸಲ ಹತ್ತಿದರೂ ಸಾಬ್ರು ಮೇಲೆ ಹೋಗಿ ನಿಲ್ತಿದ್ದರು. ಒಂದು ಚಳಿಗಾಲ ಜ್ವರ ಬಂದು ತೀರಿಕೊಂಡರು. ಇನ್ಯಾರು ನಿಲ್ತಾರೆ? ಜನಕ್ಕೆ ದಿಕ್ಕು ತೋಚಲಿಲ್ಲ. ಅಷ್ಟರಲ್ಲಿ ಪಾಲಮ್ಮ ದೊಡ್ಡೋಳಾಗಿ, ತಾಯಿ ಮಾಡೋ ಕೆಲಸಾನೇ ಹಿಡಿದು, ಗಾಡಿ ಹತ್ತಿದಳು. ಬೋರಕ್ಕ ಬೆಳಗ್ಗೆ ಎದ್ದು ತಾನೇ ಗುಡ್ಡಕ್ಕೆ ಹೋಗಿ ತಿರುವಿನಾಚೆ ನಿಂತಳು. ಪಾಲಮ್ಮ ಅಮ್ಮನ್ನೇ ನೋಡ್ತಾ ದಾಟಿ ಬಂದಳು. ತಾನು ದಾಟಿದ ದಿನದ ಭಯ ಏನೇನೂ ಅಲ್ಲ, ಮಗಳು ಬರೋ ಸದ್ದು ಕೇಳ್ತಾ ನಿಂತ ದಿನ ಉಸಿರೇ ನಿಂತಿತ್ತು ಅಂತ ಸಾಯೋವರೆಗೂ ಹೇಳ್ತಿದ್ದಳಂತೆ.

ಇವತ್ತಿಗೂ ಆ ಕಡೆ ಯಾರಾದ್ರೂ ಮೊದಲ ಸಲ ಗಾಡೀಲಿ ಗುಡ್ಡ ಹತ್ತೋ ದಿನ ಮನೆಯವರೊಬ್ಬರು ಮುಂಚೆಯೇ ಹೋಗಿ ತಿರುವಿನಾಚೆ ನಿಲ್ತಾರೆ. ಮನೆಯವರಿಲ್ಲದೋರಿಗೆ ಯಾರೋ ಒಬ್ಬರು ನಿಲ್ತಾರೆ, ಜಾತಿ ಕೇಳಲ್ಲ, ಹೆಸರೂ ಕೇಳಲ್ಲ. ನಿಂತೋರು ಕಮರಿ ಕಡೆ ನೋಡೋ ಹಾಗಿಲ್ಲ. ಎಷ್ಟೇ ಹೆದರಿಕೆಯಾದ್ರೂ, ಗಾಡಿ ಬಂದು ಮುಟ್ಟೋವರೆಗೂ ಕಣ್ಣು ಮುಚ್ಚೋ ಹಾಗಿಲ್ಲ.