ಹಾಡದ ಷಡ್ಜ

ಮಲಪ್ರಭೆಯ ದಂಡೆಯ ಮೇಲೊಂದು ಪುಟ್ಟ ಮಠ. ಅದರ ಹಿಂದಿನ ಕೋಣೆಯಲ್ಲಿ ಗವಾಯಿ ಸದಾನಂದ ಬುವಾ ಇದ್ದರು. ವಯಸ್ಸು ಎಂಬತ್ತು ದಾಟಿತ್ತು.

ಒಂದು ಮುಂಜಾವು, ಹೊಳೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ, ಹಳೆಯ ಶಿಷ್ಯ ಶ್ರೀಪಾದ ಬಂದು ಕಾಲಿಗೆರಗಿದ.

ಚಿಕ್ಕಂದಿನಲ್ಲಿ ಬುವಾರ ಬಳಿ ಹಾಡಲು ಕಲಿತು, ಮೀಸೆ ಮೂಡುವ ಹೊತ್ತಿಗೆ ಗಿಟಾರಿಗೆ ಮನಸೋತು ಹೋದವನು. ಈಗ ಅವನ ಗಡ್ಡವೇ ಬೆಳ್ಳಗಾಗಿತ್ತು.

"ನಿಮ್ಮ ರಾಕ್ ಬ್ಯಾಂಡ್ ಇನ್ನೂ ಅದ ಏನಪಾ?"

"ಅದ ರೀ, ಬುವಾ. ಒಂದು ಆಲ್ಬಮ್ ಮಾಡೇವಿ. ಹಾಡು ಬ್ಯಾರೆ ಬ್ಯಾರೆ, ಕತಿ ಒಂದ. ಒಬ್ಬ ಮನಿಷಾ ಮುದುಕ ಆಗ್ತಾನ. ಒಬ್ಬೊಬ್ಬರನ್ನ ಕಳಕೊಳ್ಳತಾನ."

"ಕೇಳಸು."

ಶ್ರೀಪಾದ ಹೆಡ್‌ಫೋನನ್ನು ಗುರುವಿನ ಕಿವಿಗೆ ಹಾಕಿದ.

ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದಕ್ಕೆ ಹರಿಯುತ್ತಿತ್ತು. ಬುವಾ ಕಣ್ಣು ಮುಚ್ಚಿ ಕೂತರು. ನಡುಹೊಳೆಯಲ್ಲಿ ಹುಟ್ಟಿಲ್ಲದ ದೋಣಿಯೊಳಗೆ ಕೂತವರ ಹಾಗೆ ಮೈ ಮೆಲ್ಲಗೆ ತೂಗುತ್ತಿತ್ತು. ಆಮೇಲೆ ಅವರ ಬೆರಳು ಮಂಡಿಯ ಮೇಲೆ ಎಣಿಸತೊಡಗಿತು. ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದರು.

"ಈ ತಾಳ ಎಂಟಕ್ಕ ಬರೂದಿಲ್ಲ, ಏಳಕ್ಕ ತಿರಗತದ. ಕುಂಟತದ, ಬೀಳೂದಿಲ್ಲ. ಯಾರಂವಾ?"

"ಇಮ್ತಿಯಾಜ್ ರೀ. ಡ್ರಮ್ ಅವಂದ, ಹಾಡಿದಾಂವನೂ ಅವನ." ಶ್ರೀಪಾದ ತಲೆ ತಗ್ಗಿಸಿದ. "ಬ್ಯಾಸಿಗ್ಯಾಗ ಹೋಗಿಬಿಟ್ಟ ರೀ. ಎದಿ ನಿಂತು."

ಬುವಾ ಹೆಡ್‌ಫೋನನ್ನು ಮತ್ತೆ ಕಿವಿಗೆ ಸರಿಸಿಕೊಂಡರು.

ಕೊನೆಯ ಹಾಡು ಬಂತು. ಕತೆಯ ಮುದುಕ ತೀರಿಹೋದವರನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದ. ಇಮ್ತಿಯಾಜನ ದನಿ ಮೆಟ್ಟಿಲು ಮೆಟ್ಟಿಲಾಗಿ ಏರಿತು. ಮೇಲಿನ ಷಡ್ಜ, ಆ ತುದಿಯ ‘ಸಾ’, ಇನ್ನೇನು ಸಿಕ್ಕಿತು ಅನ್ನುವಾಗ ದನಿ ಒಡೆಯಿತು. ಅವನು ನಕ್ಕ. "ಇವತ್ತಿಗೆ ಸಾಕ್ರೋ" ಅಂದ. ಅಷ್ಟೇ.

"ತಾಲೀಮಿನ ದಿನದ್ದು ರೀ ಇದು. ಆಮ್ಯಾಲೆ ಸರಿಯಾಗಿ ಹಾಡಾಂವ ಇದ್ದ," ಅಂದ ಶ್ರೀಪಾದ. "ಈಗ ಕಂಪ್ಯೂಟರ್ ಅವನ ದನೀಲೇನ ಹಾಡತದ. ಬೇಕಾದ್ದು ಒಂದ ಸ್ವರ. ಯಾರಿಗೂ ಗೊತ್ತಾಗೂದಿಲ್ಲ. ಹಾಕಲೇನ್ರಿ?"

ಬುವಾ ಹೆಡ್‌ಫೋನ್ ತೆಗೆದಿಟ್ಟರು.

"ತಂಬೂರಿ ತಗೋ."

ಶ್ರೀಪಾದ ತಂಬೂರಿ ಮೀಟಿದ. ಬುವಾ ತೋಡಿ ರಾಗ ಎತ್ತಿಕೊಂಡರು.

ಒಂದು ಕಾಲಕ್ಕೆ ಅವರ ಮೇಲಿನ ಷಡ್ಜ ಆಚೆ ದಂಡೆಗೆ ಕೇಳುತ್ತಿತ್ತು. ಬಟ್ಟೆ ಒಗೆಯುವವರು ಕೈ ನಿಲ್ಲಿಸುತ್ತಿದ್ದರು. ಈಗ ದನಿ ನೂಲಿನೆಳೆಯಾಗಿತ್ತು. ಆದರೂ ಏರಿತು. ಷಡ್ಜಕ್ಕೆ ಒಂದೇ ಮೆಟ್ಟಿಲು ಕೆಳಗೆ, ನಿಷಾದಕ್ಕೆ ಬಂದು ನಿಂತಿತು.

ಅದರಾಚೆಗೆ ಗಂಟಲು ಹೋಗಲೊಲ್ಲದು.

ಬುವಾ ಒತ್ತಾಯ ಮಾಡಲಿಲ್ಲ. ಕೆಳಗಿಳಿಯಲೂ ಇಲ್ಲ. ಅಂಗೈಯನ್ನು ಮೇಲೆತ್ತಿ ಹಾಗೇ ಕೂತರು.

ತಂಬೂರಿ ನುಡಿಯುತ್ತಿತ್ತು. ನೀರು ಹರಿಯುತ್ತಿತ್ತು. ಶ್ರೀಪಾದನ ಮೈ ಜುಮ್ಮೆಂದಿತು.

ಬುವಾರ ಕೈ ಕೆಳಗಿಳಿಯಿತು.

"ಷಡ್ಜ ಬಂತ?"

"ಬಂತ್ರೀ."

"ನಾ ಹಾಡಲಿಲ್ಲಲ್ಲೋ."

"ಆದ್ರೂ ಬಂತ್ರೀ, ಬುವಾ. ನಾ ಸಣ್ಣಾಂವ ಇದ್ದಾಗ ಕೇಳಿದ್ನಲ್ಲ, ಅದ..."

ಇಮ್ತಿಯಾಜನನ್ನು ಮಣ್ಣು ಮಾಡಿದ ದಿನವೂ ಅಳದವನು ತಂಬೂರಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತ. ಬುವಾ ತಡೆಯಲಿಲ್ಲ, ಬೆನ್ನು ಸವರಲಿಲ್ಲ. ಹೊಳೆ ನೋಡುತ್ತ ಕೂತರು. ಮಂಜು ಒಂದಿಷ್ಟು ಸರಿದು, ಆಚೆ ದಂಡೆಯ ಮರಗಳು ಕಂಡವು, ಮತ್ತೆ ಮಾಯವಾದವು.

ಬಹಳ ಹೊತ್ತಿನ ಮೇಲೆ ಶ್ರೀಪಾದ ಮುಖ ಒರೆಸಿಕೊಂಡ.

"ಹಂಗಾರ ಇದ್ದಂಗ ಬಿಡತೇನ್ರಿ. ಒಡದ ದನಿ, ಅವನ ನಗು, ಎಲ್ಲಾ."

"ಹೂಂ."

"ಆದ್ರ ಬುವಾ, ಹರೇದ ಹುಡುಗರು ಕೇಳಿ ನಗತಾರ್ರೀ. ಹಾಡು ಮುಗಸೋದನ್ನ ಮರತಾರ ಈ ಮುದುಕರು ಅಂತಾರ."

ಬುವಾ ತಂಬೂರಿಗೆ ಗವಸು ಹಾಕಿದರು.

"ಅನ್ನಲಿ ಬಿಡಪಾ. ಅವರಿಗೂ ವಯಸ್ಸಾಗ್ತದ."